ನೀಲಿ ಚುಕ್ಕೆಯ ಪಾಡು

ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ ಅಂದರೆ ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಕಾಡಿಗೂ ಪುಕ್ಕಟೆ ಸಂಕೇತ ಕಳಿಸುತ್ತವೆ. ನೆಟ್‌ವರ್ಕ್ ಬೇಕಾಗುವುದು ನಕ್ಷೆಗೆ. ಮೊದಲೇ ಇಳಿಸಿಕೊಳ್ಳದಿದ್ದರೆ ಬೂದು ಪರದೆಯ ನಡುವೆ ಒಂದು ನೀಲಿ ಚುಕ್ಕೆ ನಿಂತಿರುತ್ತದೆ, ಮದುವೆಮನೆಯಲ್ಲಿ ಯಾರ ಪರಿಚಯವೂ ಇಲ್ಲದ ನೆಂಟನ ಹಾಗೆ.

ಕಾರಿಗೆ ಬೇಕಾದ ನಕ್ಷೆ ಸುಲಭದ್ದು. ಟ್ರಾಫಿಕ್, ಒನ್‌ವೇ, ಪೆಟ್ರೋಲ್ ಬಂಕ್ ಗೊತ್ತಿದ್ದರೆ ಮುಗಿಯಿತು. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದದ್ದು ಅದಕ್ಕೆ ಗೊತ್ತಿಲ್ಲದಿದ್ದರೂ ಕೊಟ್ಟಿಗೆಹಾರದ ನೀರುದೋಸೆ ಹೋಟೆಲಿನಲ್ಲಿ ಗೊತ್ತಿರುತ್ತದೆ.

ಅದೇ ನಕ್ಷೆ ಹಿಡಿದು ಚಾರಣಕ್ಕೆ ಹೊರಟವರನ್ನು ಕಂಡರೆ ಮಾತ್ರ ಕನಿಕರ. 1,712 ಮೀಟರ್ ಎತ್ತರದ ಕುಮಾರಪರ್ವತ ಅದರಲ್ಲಿ ಬರೀ ಹಸಿರು ಬಣ್ಣ. ಏರೆಲ್ಲಿ, ಪ್ರಪಾತವೆಲ್ಲಿ, ಸುಬ್ರಹ್ಮಣ್ಯನೇ ಬಲ್ಲ! ಬೆಟ್ಟಕ್ಕೆ ಬೇಕಾದ್ದು ಎತ್ತರದ ಗೆರೆಗಳಿರುವ ನಕ್ಷೆ. ಗೆರೆಗಳು ಒತ್ತೊತ್ತಾಗಿದ್ದರೆ ಮೊಣಕಾಲಿಗೆ ಗ್ರಹಚಾರ. ದೂರದೂರ ಇದ್ದರೆ ಹರಟುತ್ತ ಹತ್ತಬಹುದು. ಗೆರೆಗಳ ಜೊತೆ ದಾರಿಯೂ ಬೇಕಲ್ಲ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಗೆ ಕಾಲುದಾರಿಗಳನ್ನು ನಡೆದವರೇ ಸೇರಿಸುತ್ತಾರೆ. ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್‌ಆಂಡ್ ಆ್ಯಪ್‌ಗಳೆರಡೂ ಅದನ್ನೇ ನಂಬಿಕೊಂಡಿವೆ. ಚಾರಣಕ್ಕೆ ನನ್ನ ಓಟು ಅದಕ್ಕೇ. ಹಾಗಂತ ಯಾರೋ ತಪ್ಪಿಸಿಕೊಂಡ ದನ ಹುಡುಕುತ್ತ ಹೋದ ಜಾಡೂ ಅಲ್ಲಿ ದಾರಿ ಎಂದು ಮೆರೆಯಬಹುದು, ಹುಷಾರು. ಅರಣ್ಯ ಇಲಾಖೆಯ ಅನುಮತಿ ಇದೆಯೋ ಇಲ್ಲವೋ ಎಂಬುದನ್ನಂತೂ ಯಾವ ಗೆರೆಯೂ ಹೇಳುವುದಿಲ್ಲ.

ಪವರ್ ಬ್ಯಾಂಕ್ ಮರೆಯುವ ಜಾತಿಯವರಿಗೆ ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಕಾಗದದ ನಕ್ಷೆಯೇ ಗತಿ. ಅದಕ್ಕೆ ಚಾರ್ಜ್ ಬೇಡ, ಅಪ್‌ಡೇಟ್ ಬೇಡ. ಒಮ್ಮೆ ಬಿಚ್ಚಿದರೆ ಮತ್ತೆ ಅದೇ ಮಡಿಕೆಗೆ ಬರುವುದಿಲ್ಲ, ಅಷ್ಟೆ.