ಹದಿಮೂರು ತಿಂಗಳ ವರ್ಷ

ನಮ್ಮಮ್ಮನದು ಬಟನ್ ಫೋನು. ಅದರಲ್ಲಿ ಅವಳಿಗೆ ಬೇಕಾದ ಗುಂಡಿಗಳು ಎರಡೇ, ಹಸಿರು ಮತ್ತು ಕೆಂಪು. ಹಸಿರು ಒತ್ತಿದರೆ ರಾಯದುರ್ಗದಲ್ಲಿರುವ ನಮ್ಮಕ್ಕ ಸಿಗುತ್ತಾಳೆ, ಕೆಂಪು ಒತ್ತಿದರೆ ಹೋಗುತ್ತಾಳೆ. ಇಷ್ಟಕ್ಕೆ ಕಂಪನಿಯವರು ದಿನಕ್ಕೆ ಒಂದೂವರೆ ಜಿಬಿ ಡೇಟಾ ಕೊಡುತ್ತಿದ್ದರು, ಜೊತೆಗೆ ದಿನಕ್ಕೆ ನೂರು ಮೆಸೇಜು. ಅಮ್ಮ ಜೀವಮಾನದಲ್ಲಿ ಒಂದೂ ಮೆಸೇಜು ಕಳಿಸಿದವಳಲ್ಲ.

"ಖರ್ಚಾಗದೆ ಉಳಿದದ್ದು ಏನಾಗುತ್ತಪ್ಪಾ?" ಎಂದು ಒಂದು ದಿನ ಕೇಳಿದಳು.

"ರಾತ್ರಿ ಹನ್ನೆರಡಕ್ಕೆ ಹೋಗಿಬಿಡುತ್ತಮ್ಮ."

"ಎಲ್ಲಿಗೆ?"

ಮಡಕಶಿರಾ ತಾಲ್ಲೂಕಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತನಾದವನು ನಾನು. ಎಂಥೆಂಥ ಹುಡುಗರ ಎಂಥೆಂಥ ಪ್ರಶ್ನೆಗೂ ಏನೋ ಒಂದು ಹೇಳಿ ಕೂರಿಸಿದ್ದೇನೆ. ಈ ಪ್ರಶ್ನೆಗೆ ಮಾತ್ರ ಬಾಯಿ ಕಟ್ಟಿತು. ಲೆಕ್ಕ ಹಾಕಿದರೆ ಒಂದು ರೀಚಾರ್ಜಿಗೆ 42 ಜಿಬಿ ನಮ್ಮ ಮನೆಯಿಂದ ಹೀಗೆ ಕಣ್ಮರೆಯಾಗುತ್ತಿತ್ತು.

ಒಂದು ತಿಂಗಳಿಗೆ ಎಂದು ಹೇಳದೆ ಒಂದು ರೀಚಾರ್ಜಿಗೆ ಎಂದದ್ದಕ್ಕೆ ಕಾರಣ ಉಂಟು. ಕಂಪನಿಯ ತಿಂಗಳಿಗೆ 28 ದಿನ. ವರ್ಷಕ್ಕೆ 12 ಸಲ ಕಟ್ಟಿದರೆ ಸಾಲದು, 13 ಸಲ ಕಟ್ಟಬೇಕು. ನಮ್ಮ ಪಂಚಾಂಗದಲ್ಲಿ ಅಧಿಕ ಮಾಸ ಬರುವುದು ಸುಮಾರು ಮೂರು ವರ್ಷಕ್ಕೊಮ್ಮೆ. ಆಗ ಅಳಿಯನನ್ನು ಕರೆದು 33 ಕಜ್ಜಾಯ ಇಟ್ಟು ದಾನ ಕೊಡುತ್ತಾರೆ. ಕಂಪನಿಗೆ ಪ್ರತಿ ವರ್ಷವೂ ಅಧಿಕ ಮಾಸ, ಮತ್ತು ಪ್ರತಿ ವರ್ಷವೂ ಅದೇ ಅಳಿಯ. ಇಷ್ಟಾದರೂ ನಮ್ಮ ಭಾವನವರು ಕಜ್ಜಾಯ ತಿಂದು ಸುಮ್ಮನೆ ಊರಿಗೆ ಹೋಗುತ್ತಾರೆ, ಈ ಅಳಿಯ ಹಾಗಲ್ಲ. ನಾಲ್ಕು ದಿನ ಮುಂಚಿನಿಂದಲೇ ದಿನಕ್ಕೆರಡು ಸಲ ಫೋನು ಮಾಡಿ, ನಿಮ್ಮ ವ್ಯಾಲಿಡಿಟಿ ಮುಗಿಯುತ್ತಾ ಬಂತು ಎಂದು ಎಚ್ಚರಿಸುತ್ತಾನೆ. ಎಪ್ಪತ್ತು ದಾಟಿದವರಿಗೆ ಹೇಳುವ ಮಾತೇ ಅದು?

ಈ ಹದಿಮೂರನೇ ತಿಂಗಳ ಗೋಳು ಡೆಲ್ಲಿಗೂ ಮುಟ್ಟಿತ್ತು. 2022ರ ಜನವರಿಯಲ್ಲಿ, ಫೋನು ಕಂಪನಿಗಳಿಗೆ ಲಗಾಮು ಹಾಕುವ ಸರ್ಕಾರಿ ಪ್ರಾಧಿಕಾರವಾದ ಟ್ರಾಯ್‌ನವರು, ಪ್ರತಿ ಕಂಪನಿಯೂ 30 ದಿನದ ಪ್ಲಾನುಗಳನ್ನೂ ಇಡಬೇಕು, ತಿಂಗಳು ತಿಂಗಳು ಒಂದೇ ತಾರೀಖಿಗೆ ರೀಚಾರ್ಜು ಬರುವಂಥದ್ದನ್ನೂ ಇಡಬೇಕು ಎಂದು ಆಜ್ಞೆ ಮಾಡಿದರು. ಕಂಪನಿಗಳು ಶಿರಸಾವಹಿಸಿ ಇಟ್ಟವು. ಎಲ್ಲಿಟ್ಟವು ಎಂದು ಹುಡುಕುವುದು ಗಿರಾಕಿಯ ಕೆಲಸ.

ನಮ್ಮ ಭಾಗದವರಿಗೆ ಫೋನಿನ ಕಷ್ಟ ಹೊಸದೇನಲ್ಲ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರುಗಳ ಜೊತೆ ರಾಯದುರ್ಗವೂ ಆಂಧ್ರಕ್ಕೆ ಹೋಯಿತು. ಮಡಕಶಿರಾ ಅದಕ್ಕೂ ಮೊದಲೇ ಅನಂತಪುರ ಜಿಲ್ಲೆಯಲ್ಲಿತ್ತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಎಂದು ಜನ ಹೇಗೋ ಹೊಂದಿಕೊಂಡರು. ಹೊಂದಿಕೊಳ್ಳದೇ ಹೋದದ್ದು ಟವರು. ಅಗಳಿ ಕಡೆಯ ನಮ್ಮ ಹಳ್ಳಿಯಲ್ಲಿ ಪಡಸಾಲೆಗೆ ಆಂಧ್ರದ ಸಿಗ್ನಲ್, ಹಿತ್ತಿಲಿಗೆ ಶಿರಾ ಕಡೆಯ ಕರ್ನಾಟಕದ ಸಿಗ್ನಲ್. ರೋಮಿಂಗ್ ಇದ್ದ ಕಾಲದಲ್ಲಿ ಹಿತ್ತಿಲಿಗೆ ಹೋಗಿ ಫೋನೆತ್ತಿದರೆ ಬಂದ ಕರೆಗೂ ದುಡ್ಡು! 2013ರವರೆಗೆ ನಿಮಿಷಕ್ಕೆ ಒಂದು ಮುಕ್ಕಾಲು ರೂಪಾಯಿವರೆಗೂ ಹಾಕಬಹುದಿತ್ತು. ಆಮೇಲೆ ಅದು 75 ಪೈಸೆಗೆ ಇಳಿಯಿತು, 2015ರಲ್ಲಿ 45 ಪೈಸೆಗೆ. ಅಲ್ಲಿಯವರೆಗೆ ನಮ್ಮಮ್ಮ ಮಗಳ ಫೋನು ಬಂದರೆ ಎಮ್ಮೆಯ ಹಗ್ಗ ಕೈಯಲ್ಲಿದ್ದರೂ ಬಿಟ್ಟು ಪಡಸಾಲೆಗೆ ಓಡುತ್ತಿದ್ದಳು. ಎಮ್ಮೆ ಮಾತ್ರ ಖರ್ಚಿಲ್ಲದೆ ಎರಡೂ ರಾಜ್ಯದಲ್ಲಿ ಮೇಯುತ್ತಿತ್ತು.

ಮಡಕಶಿರಾದಿಂದ ಅಕ್ಕನ ಊರಿಗೆ ಹೋಗುವುದು ಇನ್ನೊಂದು ಪ್ರಹಸನ. ಪಾವಗಡದ ಮೇಲೆ ಕಲ್ಯಾಣದುರ್ಗ ಸೇರಿ ಅಲ್ಲಿಂದ ರಾಯದುರ್ಗಕ್ಕೆ ಹೋಗಬೇಕು. ಹತ್ತಿದ್ದು ಆಂಧ್ರ, ಇಳಿಯುವುದು ಆಂಧ್ರ, ನಡುವೆ ಪಾವಗಡ ಮಾತ್ರ ತುಮಕೂರು ಜಿಲ್ಲೆ. ಕರ್ನಾಟಕಕ್ಕೆ ಸ್ವಾಗತ ಎಂದು ಮೆಸೇಜು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಆಂಧ್ರಪ್ರದೇಶಕ್ಕೆ ಸ್ವಾಗತ ಎಂದು ಇನ್ನೊಂದು. ಅಷ್ಟು ಮರ್ಯಾದೆ ನನಗೆ ಬೀಗರ ಮನೆಯಲ್ಲೂ ಸಿಕ್ಕಿದ್ದಿಲ್ಲ. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ರಾಯದುರ್ಗ ಅನಂತಪುರದಲ್ಲೇ ಉಳಿದು, ಅಮ್ಮ ಒಂದು ಜಿಲ್ಲೆ ಮಗಳು ಒಂದು ಜಿಲ್ಲೆ ಆದರು. ಪುಣ್ಯಕ್ಕೆ ಅಷ್ಟು ಹೊತ್ತಿಗೆ ರೋಮಿಂಗ್ ಕಾಟ ತೊಲಗಿತ್ತು.

2024ರ ಜುಲೈನಲ್ಲಿ ಖಾಸಗಿ ಕಂಪನಿಗಳೆಲ್ಲ ಒಟ್ಟಿಗೆ ದರ ಏರಿಸಿದವು. ಆಗ ನಾನು ಕಸ್ಟಮರ್ ಕೇರಿಗೆ ಫೋನು ಹಚ್ಚಿದೆ. ನಮ್ಮದು ಆಂಧ್ರ ಸರ್ಕಲ್ಲಿನ ಸಿಮ್ಮು. ತೆಲುಗಿಗೊಂದು ಅಂಕಿ, ಹಿಂದಿಗೊಂದು, ಇಂಗ್ಲಿಷಿಗೊಂದು. ಕನ್ನಡದ ಅಂಕಿ ಬರುತ್ತದೇನೋ ಎಂದು ಕೊನೆತನಕ ಕೇಳಿದೆ, ಪಟ್ಟಿ ಮತ್ತೆ ತೆಲುಗಿನಿಂದ ಶುರುವಾಯಿತು. ಬಹಳ ಹೊತ್ತು ಸಂಗೀತ ಕೇಳಿದ ಮೇಲೆ ಒಬ್ಬ ಹುಡುಗ ಬಂದ.

"ಚೆಪ್ಪಂಡಿ ಸಾರ್."

ಅಮ್ಮನಿಗೆ ಡೇಟಾ ಬೇಡ, ಬರೀ ಮಾತು ಸಾಕು, ಅಂಥ ಪ್ಲಾನು ಹೇಳಪ್ಪ ಎಂದು ನನ್ನ ಮೇಷ್ಟ್ರ ತೆಲುಗಿನಲ್ಲಿ ವಿವರಿಸಿದೆ. ಅವನು ತಾಳ್ಮೆಯಿಂದ ಪೂರ್ತಿ ಕೇಳಿ, ದಿನಕ್ಕೆ ಎರಡು ಜಿಬಿಯ ಪ್ಲಾನು ಹೇಳಿದ. ಬೇಡಪ್ಪಾ, ಕಡಿಮೆ ಹೇಳು ಎಂದೆ. ಎರಡೂವರೆ ಜಿಬಿಯದು ಹೇಳಿ, ಸಿನಿಮಾ ಉಚಿತ ಎಂದ.

ಸರಿ, ಕಂಪನಿಯನ್ನೇ ಬಿಡೋಣವೆಂದು 1900ಕ್ಕೆ ಪೋರ್ಟ್ ಮೆಸೇಜು ಕಳಿಸಿದೆ. ಕಳಿಸಿದ್ದೇ ತಡ, ಅಷ್ಟು ವರ್ಷ ನಮ್ಮನ್ನು ಕೇಳುವವರೇ ಇಲ್ಲದಿದ್ದ ಕಂಪನಿಗೆ ಪ್ರೀತಿ ಉಕ್ಕಿತು. ಹೆಣ್ಣುಮಗಳೊಬ್ಬಳು ಫೋನು ಮಾಡಿ, ಏನು ತೊಂದರೆಯಾಯಿತು ಸಾರ್, ನಿಮಗಾಗಿಯೇ ವಿಶೇಷ ಆಫರ್ ಇದೆ ಎಂದಳು. ಈ ವಿಶೇಷ ಮೊದಲೇ ಇರಲಿಲ್ಲವೇನಮ್ಮಾ ಎಂದರೆ, ಅದು ಬಿಟ್ಟು ಹೋಗುವವರಿಗೆ ಮಾತ್ರ ಸಾರ್ ಎಂದಳು. ಅಷ್ಟು ನಿಜ ಹೇಳಿದ ಆ ಹುಡುಗಿಯ ಬಗ್ಗೆ ನನಗೆ ಈಗಲೂ ಗೌರವವಿದೆ.

ಹೊಸ ಸಿಮ್ಮಿಗೆಂದು ಮಡಕಶಿರಾದ ರೀಚಾರ್ಜ್ ಅಂಗಡಿಯಲ್ಲಿ ಕೂತು ಪ್ಲಾನುಗಳ ಪಟ್ಟಿ ಓದತೊಡಗಿದೆ. ಅಂಗಡಿಯ ಹುಡುಗ ನನ್ನ ಹಳೇ ಶಿಷ್ಯ. ಸ್ವಲ್ಪ ಹೊತ್ತು ನೋಡಿ ಹೇಳಿದ, "ಸಾರ್, ಪ್ಲಾನು ಯಾವುದಾದ್ರೂ ಒಂದೇ. ಮನೇಲಿ ಯಾವ ಟವರ್ ಸಿಗುತ್ತೋ ನೋಡಿ, ಅದಕ್ಕೆ ಹಾಕಿಸ್ಕೊಳ್ಳಿ." ಶಾಲೆಯಲ್ಲಿ ನಾನು ಹೇಳಿದ ಒಂದನ್ನೂ ಕಲಿಯದವನು ಎಷ್ಟು ಸರಿಯಾಗಿ ಹೇಳಿದ! ರಾಯದುರ್ಗದ ನಮ್ಮ ಭಾವನವರದೂ ಇದೇ ಮತ. ಅವರು ಜೀನ್ಸ್ ಹೊಲಿಸುವವರು, ಅರ್ಧ ವ್ಯಾಪಾರ ಬಳ್ಳಾರಿ ಜೊತೆ. ಬಲಗಡೆ ಜೇಬಿನಲ್ಲಿ ಆಂಧ್ರ, ಎಡಗಡೆ ಜೇಬಿನಲ್ಲಿ ಕರ್ನಾಟಕ ಇಟ್ಟುಕೊಂಡೇ ಓಡಾಡುತ್ತಾರೆ.

2024ರ ಡಿಸೆಂಬರಿನಲ್ಲಿ ಟ್ರಾಯ್ ಮತ್ತೊಂದು ಆಜ್ಞೆ ಹೊರಡಿಸಿತು: ಡೇಟಾ ಬೇಡದವರಿಗೆ ಮಾತು ಮತ್ತು ಮೆಸೇಜಿನ ಪ್ಲಾನು ಇರಲೇಬೇಕು. ಕಂಪನಿಗಳು ಅದನ್ನು 84 ದಿನಕ್ಕೊಂದು, 365 ದಿನಕ್ಕೊಂದು ಮಾಡಿ ತಂದವು. ವರ್ಷದ್ದೇ ಹಾಕಿಸಲಾ ಎಂದು ಅಮ್ಮನನ್ನು ಕೇಳಿದೆ.

"ಬೇಡಪ್ಪಾ, ನನ್ನ ವ್ಯಾಲಿಡಿಟಿ ಎಷ್ಟಿದೆಯೋ ಏನೋ. ಉಳಿದದ್ದು ಮತ್ತೆ ಅವರಿಗೇ ಹೋಗುತ್ತೆ" ಎಂದಳು. 84 ದಿನದ್ದು ಹಾಕಿಸಿದೆ.

ಓದುಗರಲ್ಲಿ ಒಂದು ಮಾತು. ಮನೆಯಲ್ಲಿ ಬಟನ್ ಫೋನಿನ ಹಿರಿಯರಿದ್ದರೆ, "ಡೇಟಾ ಇಲ್ಲದ್ದು ಕೊಡಪ್ಪಾ" ಎಂದು ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಿ. ಕೇಳದೆ ಅದನ್ನು ಯಾರೂ ತೋರಿಸುವುದಿಲ್ಲ. ಕಂಪನಿ ಬಿಡುವುದಾದರೆ 1900ರಿಂದ ಬರುವ ಕೋಡಿಗೆ ನಾಲ್ಕೇ ದಿನ ಆಯಸ್ಸು, ಅಷ್ಟರೊಳಗೆ ಅಂಗಡಿಗೆ ಹೋಗಿ. ಹೋಗುವ ಮುಂಚೆ ಹೊಸ ಕಂಪನಿಯ ಸಿಮ್ಮಿರುವ ಪಕ್ಕದ ಮನೆಯವರನ್ನು ಕರೆದು, ನಿಮ್ಮ ಹಿತ್ತಿಲಲ್ಲಿ ನಿಲ್ಲಿಸಿ ಒಂದು ಕರೆ ಮಾಡಿಸಿ ನೋಡಿ.