ಮೆಟಲ್ ಭಾವ

ಮೇ ತಿಂಗಳ ಮಧ್ಯಾಹ್ನ ಮಿರ್ಜಾನದಲ್ಲಿ ಅಂಗಿ ಹಾಕಿಕೊಂಡಿರುವವನೇ ಶೂರ. ಅಂಥದ್ದರಲ್ಲಿ ದಪ್ಪ ಕಪ್ಪು ಟೀ ಶರ್ಟು, ಕೆಳಗೆ ಲುಂಗಿ, ಕೈಯಲ್ಲಿ ಸೋಡಾ ಶರಬತ್ತು ಹಿಡಿದು ಹೆದ್ದಾರಿ ಪಕ್ಕ ನಿಂತವನೊಬ್ಬ ಕಂಡರೆ ಅವನೇ ಮೆಟಲ್ ಭಾವ. ವಯಸ್ಸು ನಲವತ್ತೈದರ ಆಜುಬಾಜು. ಕೂದಲು ಹಿಂದೆ ಹೆಗಲು ಮುಟ್ಟುತ್ತದೆ. ಮುಂದೆ ಹಣೆ ನೆತ್ತಿಯ ತನಕ ಒತ್ತುವರಿ ಮಾಡಿಕೊಂಡಿದೆ. ಎದೆಯ ಮೇಲೆ ಬಿಳಿ ಶಿಲುಬೆಗಳ ಸಾಲು, ಒಗೆದು ಒಗೆದು ಅರ್ಧ ಮಾಸಿದ್ದು. ಅದನ್ನು ನೋಡಿ "ಯಾವ ಇಗರ್ಜಿಯವರು?" ಎಂದು ಯಾರಾದರೂ ಕೇಳಿದರೆ ಮುಗಿಯಿತು. ಅವರ ಬಸ್ಸು ತಪ್ಪಿತು.

ಆ ಶಿಲುಬೆಗಳು ಮೆಟಾಲಿಕಾ ಬ್ಯಾಂಡಿನ 'ಮಾಸ್ಟರ್ ಆಫ್ ಪಪೆಟ್ಸ್' ಆಲ್ಬಮ್ಮಿನ ಮುಖಪುಟ. 1986ರ ಮಾರ್ಚ್ 3ರಂದು ಬಿಡುಗಡೆ, ಕೋಪನ್‌ಹೇಗನ್ನಿನಲ್ಲಿ ಧ್ವನಿಮುದ್ರಣ, ಎಂಟು ಹಾಡು, ಸುಮಾರು 55 ನಿಮಿಷ. ಇಷ್ಟನ್ನು ಭಾವ ಪೀಠಿಕೆಯಲ್ಲೇ ಹೇಳಿ ಮುಗಿಸುತ್ತಾನೆ. ಆಮೇಲೆ ಮೆಟಾಲಿಕಾ, ಸ್ಲೇಯರ್, ಮೆಗಾಡೆತ್, ಆಂಥ್ರಾಕ್ಸ್ ಎಂದು ನಾಲ್ಕೂ ಹೆಸರನ್ನು ಸಂಕಲ್ಪದ ಮಂತ್ರದಂತೆ ಒಂದೇ ಉಸಿರಿಗೆ ಹೇಳಿ, ಥ್ರ್ಯಾಶ್ ಮೆಟಲ್ ಅಂದರೆ ಇಷ್ಟೇ, ಮಿಕ್ಕಿದ್ದೆಲ್ಲ ಗದ್ದಲ ಎಂದು ತೀರ್ಪು ಕೊಡುತ್ತಾನೆ. ಈ ನಾಲ್ಕೂ ಗದ್ದಲವಲ್ಲವೇ ಎಂದು ಕೇಳುವ ಧೈರ್ಯ ಊರಲ್ಲಿ ಯಾರಿಗೂ ಇಲ್ಲ.

ಅವನ ಜೊತೆ ಕೂತು ಹಾಡು ಕೇಳುವುದು ಆಗದ ಮಾತು; ಅವನು ಕೇಳಿಸಿಕೊಳ್ಳಲು ಬಿಟ್ಟರೆ ತಾನೇ! ಮೊದಲ ಹಾಡು 'ಬ್ಯಾಟರಿ' ಶುರುವಾಗುವುದು ಮೆತ್ತಗೆ, ಬರೀ ಅಕೌಸ್ಟಿಕ್ ಗಿಟಾರಿನಲ್ಲಿ. ಆಗ ಭಾವ ತೋರುಬೆರಳು ಎತ್ತುತ್ತಾನೆ. "ತಡಿ ತಮಾ... ಈಗ... ಈಗ..." ಬೆರಳು ನಡುಗುತ್ತದೆ, ಹುಬ್ಬು ಮೇಲೇರುತ್ತದೆ. ದಡಕ್ಕನೆ ಬಿರುಗಾಳಿ ಎದ್ದ ಕೂಡಲೇ ಹಾಡು ನಿಲ್ಲಿಸಿ, "ಗೊತ್ತಾತಾ?" ಎಂದು ಕೇಳಿ, ಮತ್ತೆ ಮೊದಲಿನಿಂದ ಹಚ್ಚುತ್ತಾನೆ. ಎರಡನೇ ಹಾಡಿಗೆ ಬರುವಷ್ಟರಲ್ಲಿ ಲುಂಗಿ ಮೇಲೆ ಕಟ್ಟಿ, ಅಂಗೈಯ ಅಂಚನ್ನು ತೊಡೆಗೆ ಒತ್ತಿ ಹಿಡಿದು, ಬೆರಳಿನಿಂದ ಪಟಪಟನೆ ಕೆಳಮುಖವಾಗಿಯೇ ಹೊಡೆದು ತೋರಿಸುತ್ತಾನೆ. ಮೆಟಾಲಿಕಾದ ಜೇಮ್ಸ್ ಹೆಟ್‌ಫೀಲ್ಡ್ ತಂತಿಯನ್ನು ಹೀಗೆ ಅಂಗೈಯಿಂದ ಅದುಮಿಕೊಂಡು, ಮೇಲಿಂದ ಕೆಳಕ್ಕೆ ಮಾತ್ರ ಮೀಟುತ್ತಾನಂತೆ, ಅದೂ ಎಂಟೂವರೆ ನಿಮಿಷದ ಹಾಡಿನ ಬಹುಪಾಲು. ಭಾವನ ತೊಡೆ ಎರಡು ನಿಮಿಷಕ್ಕೇ ಕೆಂಪಾಗುತ್ತದೆ.

2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿತ್ತು. ಭಾವ ಆಗ ಅಲ್ಲೇ ನೌಕರಿಯಲ್ಲಿದ್ದ, ಮೊದಲ ಸಾಲಿನಲ್ಲೇ ನಿಂತಿದ್ದನಂತೆ. ನನಗೆ ಗೊತ್ತಿರುವ ಇಂಥವರೆಲ್ಲರೂ ಅಂದು ಮೊದಲ ಸಾಲಿನಲ್ಲೇ ನಿಂತಿದ್ದರು. ಆ ಸಾಲು ಮಿರ್ಜಾನ ಕೋಟೆಯನ್ನು ಒಂದು ಸುತ್ತು ಹಾಕುವಷ್ಟು ಉದ್ದ ಇದ್ದಿರಬೇಕು. ಕೋಟೆ ಅಂದೆನಲ್ಲ, ಅದರ ಮೇಲೂ ಅವನ ಕಣ್ಣಿದೆ. ಕೆಂಪು ಕಲ್ಲಿನ ಗೋಡೆ, ಸುತ್ತ ಕಂದಕ, ಪಕ್ಕದಲ್ಲೇ ಅಘನಾಶಿನಿ. ಇದಕ್ಕಿಂತ ಒಳ್ಳೆ ರಂಗಸ್ಥಳ ಕ್ಯಾಲಿಫೋರ್ನಿಯಾದಲ್ಲೂ ಸಿಗಲಿಕ್ಕಿಲ್ಲ ಎನ್ನುತ್ತಾನೆ. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ ಪೋರ್ಚುಗೀಸರಿಗೆ ಎದುರು ನಿಂತ ಕಥೆಯಲ್ಲಿ ಎಂಟು ಹಾಡು ಸಲೀಸಾಗಿ ಆಗುತ್ತದಂತೆ. ಅದೊಂದು ಮಾತು ಮಾತ್ರ ನನಗೂ ಹೌದೆನಿಸಿದೆ.

ಭಾವನ ನಿಜವಾದ ದುಃಖ ಕ್ಲಿಫ್ ಬರ್ಟನ್. ಮೆಟಾಲಿಕಾದ ಬೇಸ್ ಗಿಟಾರಿನವನು. ಆಲ್ಬಮ್ ಬಂದ ವರ್ಷವೇ, ಸೆಪ್ಟೆಂಬರ್ 27ರಂದು, ಸ್ವೀಡನ್ನಿನಲ್ಲಿ ಬಸ್ಸು ಮಗುಚಿ ತೀರಿಕೊಂಡ. ಆಗವನಿಗೆ ಇಪ್ಪತ್ನಾಲ್ಕು ವರ್ಷ. ನಮ್ಮ ಭಾವ ಆಗಿನ್ನೂ ಒಂದನೇ ಕ್ಲಾಸು. ಆದರೂ ಈಗ ಹೇಳುವಾಗ ಗಂಟಲು ಕಟ್ಟುತ್ತದೆ. "ಕ್ಲಿಫ್ ಹೋದಮೇಲೆ ಮೆಟಾಲಿಕಾ ಎಲ್ಲಿದ್ದು?"

ಭಾವನ ಮನೆ ಜಗಲಿಯ ಇನ್ನೊಂದು ತುದಿಯಲ್ಲಿ ಕವಳ ಹಾಕುತ್ತ ಕೂತ ಅವನ ಅಪ್ಪ 1990ರಿಂದ ಹೇಳುತ್ತ ಬಂದಿರುವುದೂ ಇದನ್ನೇ. "ಕಾಳಿಂಗ ನಾವಡ್ರು ಹೋದಮೇಲೆ ಭಾಗವತಿಕೆ ಎಲ್ಲಿದ್ದು?" ಯಕ್ಷಗಾನದ ಭಾಗವತ ನಾವಡರು ಹೋದದ್ದೂ ರಸ್ತೆ ಅಪಘಾತದಲ್ಲಿ, ಅದೂ ಮೂವತ್ತು ದಾಟಿದ ಹೊಸತರಲ್ಲೇ. ಅಪ್ಪನಿಗೆ ಕಾಲಮಿತಿ ಯಕ್ಷಗಾನ ಕಂಡರಾಗದು. ಮಗನಿಗೆ ಹಾಡುಗಳನ್ನು ಹಿಂದುಮುಂದು ಮಾಡಿ ಕೇಳಿಸುವ ಮೊಬೈಲು ಕಂಡರಾಗದು. ಇಬ್ಬರೂ ಒಬ್ಬರನ್ನೊಬ್ಬರು "ಹುಚ್ಚು" ಎಂದುಕೊಳ್ಳುತ್ತಾರೆ. ಡೇವ್ ಮಸ್ಟೇನನನ್ನು 1983ರಲ್ಲಿ ಮೆಟಾಲಿಕಾದಿಂದ ಹೊರಹಾಕಿದರು, ಅವನು ಹೋಗಿ ಮೆಗಾಡೆತ್ ಕಟ್ಟಿದ ಎಂದು ಮಗ ಒಮ್ಮೆ ರೋಚಕವಾಗಿ ಹೇಳಿದಾಗ ಅಪ್ಪನಿಗೆ ಏನೂ ಆಶ್ಚರ್ಯವಾಗಲಿಲ್ಲ. ಒಂದು ಮೇಳ ಬಿಟ್ಟವರು ಇನ್ನೊಂದು ಕಟ್ಟಿದ್ದನ್ನು ಅವರು ಎಷ್ಟು ನೋಡಿಲ್ಲ!

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಮಗ 'ಓರಿಯನ್' ಹಚ್ಚಿದ. ಮಾತಿಲ್ಲದ, ಬರೀ ವಾದ್ಯದ ಹಾಡು. ಕ್ಲಿಫ್‌ನ ಬೇಸ್ ಗಿಟಾರು ಅದರ ಜೀವ. ಅಪ್ಪ ಎಂಟು ನಿಮಿಷ ತುಟಿ ಪಿಟಕ್ಕೆನ್ನದೆ ಕೇಳಿದರು. ನಡುವೆ ಒಮ್ಮೆ ಮಾತ್ರ, "ಭಾಗವತರು ಚಾ ಕುಡಿಯಲೆ ಹೋಯ್ದ್ರನ?" ಎಂದರು. ಮುಗಿದ ಮೇಲೆ ಕವಳ ಉಗುಳಿ ಬಂದು, "ಚಂಡೆಯವ ಅಡ್ಡಿಲ್ಲೆ" ಎಂದರು. ನಮ್ಮ ಕಡೆ ಅಡ್ಡಿಲ್ಲೆ ಅಂದರೆ ರಾಜ್ಯೋತ್ಸವ ಪ್ರಶಸ್ತಿಯ ಸಮ. ಭಾವ ಕುಣಿದಾಡಬೇಕಿತ್ತು. ಆದರೆ ಮುಖ ಸುಟ್ಟ ಹಪ್ಪಳವಾಯಿತು. ಯಾಕೆಂದರೆ ಮೆಟಾಲಿಕಾದಲ್ಲಿ ಭಾವನಂಥ ಹಳೇ ಭಕ್ತರು ಸದಾ ಹಲ್ಲು ಕಡಿಯುವುದು ಒಬ್ಬನ ಮೇಲೆ: ಡ್ರಮ್ ಬಾರಿಸುವ ಲಾರ್ಸ್ ಉಲ್ರಿಚ್.

ಇದಕ್ಕಿಂತ ದೊಡ್ಡ ಪೆಟ್ಟು ಅಕ್ಕನ ಮಗ ಕೊಟ್ಟಿದ್ದ. 2022ರಲ್ಲಿ 'ಸ್ಟ್ರೇಂಜರ್ ಥಿಂಗ್ಸ್' ಧಾರಾವಾಹಿಯಲ್ಲಿ ಭಾವನ ತೊಡೆ ಕೆಂಪಾಗಿಸುವ ಆ ಎರಡನೇ ಹಾಡು ಬಂತಲ್ಲ, ಹೈಸ್ಕೂಲು ಹುಡುಗ ಅದನ್ನು ಗುನುಗುತ್ತ ಬಂದು, "ಮಾವ, ಹೊಸ ಹಾಡು ಬೈಂದು, ಕೇಳಿದ್ಯಾ?" ಎಂದ. ಇಡೀ ಊರಲ್ಲಿ ಆ ಹಾಡು ಮೆಚ್ಚಿದ ಎರಡನೆಯ ಮನುಷ್ಯ. ಭಾವ ಅವನ ಜೊತೆ ವಾರಗಟ್ಟಲೆ ಮಾತು ಬಿಟ್ಟ.

ಕೋಟೆ ನೋಡಲು ಮಿರ್ಜಾನಕ್ಕೆ ಬರುವವರಲ್ಲಿ ಒಂದೇ ವಿನಂತಿ. ಕಪ್ಪು ಟೀ ಶರ್ಟು ಹಾಕಿಕೊಂಡು ಬರಬೇಡಿ. ಬಂದರೂ ಅದರ ಮೇಲೆ ಮೆಟಾಲಿಕಾ ಎಂದು ಇರದಿರಲಿ. ಇದ್ದರೆ ಮಧ್ಯಾಹ್ನದ ಊಟ ಭಾವನ ಮನೆಯಲ್ಲೇ, ಅಡ್ಡಿಯಿಲ್ಲ, ಅಪ್ಪೆಹುಳಿ ಚೆನ್ನಾಗಿರುತ್ತದೆ. ಆದರೆ ಸಂಜೆಯ ರೈಲಿಗೆ ಟಿಕೆಟು ಮಾಡಿಸಿಟ್ಟುಕೊಳ್ಳಬೇಡಿ.