ಇಲ್ಲದ ಚೋಕ್

ಧನುರ್ಮಾಸದ ಬೆಳಗಿನ ಜಾವ ಐದೂಮುಕ್ಕಾಲಿಗೆ ನಾನು ನನ್ನ ಬೈಕಿಗೆ ಬಿಸಿನೀರಿನ ಶಾಖ ಕೊಡುತ್ತಿದ್ದೆ. ಗೋಣಿಚೀಲವನ್ನು ಬಚ್ಚಲ ಹಂಡೆಗೆ ಅದ್ದಿ, ಹಿಂಡಿ, ಎಂಜಿನ್ನಿನ ಮೇಲೆ ಹಾಸಿ, ಬಾಣಂತಿಯ ಸೊಂಟ ನೀವುವವರ ಹಾಗೆ ಮೆತ್ತಗೆ ಒತ್ತುತ್ತಿದ್ದೆ. ಹಬೆ ಏಳುತ್ತಿತ್ತು. ನೋಡಿದವರು ಮೂವರು: ಜಗಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದ ಅಪ್ಪಯ್ಯ, ಡೈರಿಗೆ ಹಾಲಿನ ಕ್ಯಾನ್ ಹಿಡಿದು ಹೊರಟಿದ್ದ ಪಕ್ಕದ ಮನೆಯವರು, ಮತ್ತು ನಾಯಿ. ಸಲಹೆ ಕೊಡದೆ ಹೋದದ್ದು ನಾಯಿ ಒಂದೇ.

ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಬೆಂಗಳೂರು ಬಸ್ಸಿನಿಂದ ಭಾವ ಇಳಿಯುವವರಿದ್ದರು. ಭಾವನನ್ನು ಒಮ್ಮೆ ಕಾಯಿಸಿದರೆ ಮುಂದಿನ ಹತ್ತು ವರ್ಷ ಮದುವೆ ಮುಂಜಿಗಳ ಪಂಕ್ತಿಯಲ್ಲಿ ಉಪ್ಪಿನಕಾಯಿಗಿಂತ ಮೊದಲು ಆ ಸುದ್ದಿ ಬಡಿಸುತ್ತಾರೆ. ಅವರ ಫೋನ್ ಎರಡು ಸಲ ಬಂತು. ಎರಡು ಸಲವೂ ಗೋಣಿ ಹಿಂಡುತ್ತಲೇ "ಹೊರಟಾಯ್ತು ಭಾವ" ಎಂದೆ.

"ಚೋಕ್ ಎಳೆದ್ಯಾ ಮಾರಾಯ?" ಜಗಲಿಯಿಂದ ಅಪ್ಪಯ್ಯ.

"ಇದಕ್ಕೆ ಚೋಕ್ ಇಲ್ಲ ಅಪ್ಪಯ್ಯ. ಫ್ಯುಯೆಲ್ ಇಂಜೆಕ್ಷನ್."

"ಚೋಕ್ ಇಲ್ಲದ ಗಾಡಿ ಯಾರಾದ್ರೂ ದುಡ್ಡು ಕೊಟ್ಟು ತಗೊಳ್ತಾರಾ?"

2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ದುಡ್ಡು ಕೊಟ್ಟರೂ ಬೇರೆ ಥರದ್ದು ಸಿಗುವುದು ಕಷ್ಟ ಎಂದು ವಿವರಿಸುವ ಹೊತ್ತು ಅದಲ್ಲ. ಅಪ್ಪಯ್ಯನದು ಯೆಜ್ಡಿ ಪಂಥ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅವರ ಭಕ್ತಿ ಮುಚ್ಚಿಲ್ಲ. ಆ ಗಾಡಿಯಲ್ಲಿ ಗೇರಿನ ಲಿವರನ್ನೇ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಅದೂ ಎಡಗಡೆ. ಚಳಿಗಾಲದಲ್ಲಿ ಪೆಟ್ರೋಲ್ ಕಾಕ್ ತೆರೆದು, ಚೋಕ್ ಎಳೆದು, ಎರಡು ಸುಳ್ಳು ಕಿಕ್ ಹೊಡೆದು ಮೂರನೆಯದನ್ನು ನಿಜಕ್ಕೆ ಹೊಡೆಯುತ್ತಿದ್ದರು. ಮನೆಯಲ್ಲಿ ಆ ವಿದ್ಯೆ ಬೇರೆ ಯಾರಿಗೂ ಒಲಿಯಲಿಲ್ಲ.

ಪಕ್ಕದ ಮನೆಯವರು "ಇಳಿಜಾರಿಗೆ ತಳ್ಳಿಬಿಡುವ" ಎಂದು ಕ್ಯಾನ್ ಕೆಳಗಿಟ್ಟಾಗ ನನಗೆ ರೇಗಿತು. ಬ್ಯಾಟರಿ ಪೂರ್ತಿ ಮಲಗಿದರೆ ಈ ಗಾಡಿ ಆಗುಂಬೆ ಘಾಟಿಯಲ್ಲಿ ತಳ್ಳಿದರೂ ಏಳುವುದಿಲ್ಲ. ಪೆಟ್ರೋಲ್ ಪಂಪಿಗೂ ಕರೆಂಟು ಬೇಕು. ಕಡೆಗೆ ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. ಅವನು ಹಾಸಿಗೆಯಿಂದಲೇ ಕೇಳಿದ:

"ಸ್ಟಾರ್ಟ್ ಮಾಡುವಾಗ ಎಂಥ ಮಾಡ್ತೀರಿ?"

"ಕೀ ತಿರುಗಿಸಿ, ಆಕ್ಸಿಲರೇಟರ್ ಪೂರ್ತಿ ತಿರುಪಿ, ಸೆಲ್ಫ್ ಒತ್ತುತ್ತೇನೆ."

"ಆಕ್ಸಿಲರೇಟರ್ ಮುಟ್ಟಬೇಡಿ."

"ಮತ್ತೆ ಎಂಥ ಮಾಡ್ಲಿ?"

"ಎಂಥದೂ ಮಾಡಬೇಡಿ. ಕೀ ಹಾಕಿ ಮೂರು ಸೆಕೆಂಡ್ ಸುಮ್ನಿರಿ. ಆಮೇಲೆ ಒತ್ತಿ."

ನಡೆದದ್ದು ಇಷ್ಟು. ಗಾಡಿಯೊಳಗಿನ ಪುಟ್ಟ ಕಂಪ್ಯೂಟರಿಗೆ ಎಂಜಿನ್ ಎಷ್ಟು ತಣ್ಣಗಿದೆಯೆಂದು ಸೆನ್ಸರ್ ಮೊದಲೇ ತಿಳಿಸಿರುತ್ತದೆ. ಅದಕ್ಕೆ ತಕ್ಕಂತೆ ಅದು ಪೆಟ್ರೋಲನ್ನು ಒಂದು ಗುಟುಕು ಹೆಚ್ಚೇ ಕೊಡುತ್ತದೆ. ಆದರೆ ಇಂಥ ಕೆಲವು ಗಾಡಿಗಳಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುಪಿ ಸೆಲ್ಫ್ ಒತ್ತಿದರೆ, ಎಂಜಿನ್ನಿಗೆ ಪೆಟ್ರೋಲ್ ಉಕ್ಕಿದೆ ಎಂದು ತಿಳಿದು ಅದು ಬರುವುದನ್ನೂ ನಿಲ್ಲಿಸುತ್ತದೆ. ಅರ್ಧ ಗಂಟೆಯಿಂದ ನಾನು "ಹಾಕು, ಹಾಕು" ಎಂದು ಗೋಗರೆಯುತ್ತಿದ್ದದ್ದು, ಹೋಳಿಗೆಯವನು ಬಂದಾಗ ಎಲೆಗೆ ಎರಡೂ ಕೈ ಅಡ್ಡ ಹಿಡಿದು ಕೂತಂತೆ ಆಗಿತ್ತು.

ಸರಿ, ಮೂರು ಸೆಕೆಂಡ್. ಹೇಳುವುದು ಸುಲಭ. ಕೀ ತಿರುಗಿಸಿದೆ. ಟ್ಯಾಂಕಿನೊಳಗಿಂದ ಸುಂಯ್ ಎಂದು ಪಂಪಿನ ಸದ್ದು. ಮೊದಲನೇ ಸೆಕೆಂಡಿನಲ್ಲಿ ನನ್ನ ಬಲಗೈ ತಾನಾಗಿ ಆಕ್ಸಿಲರೇಟರ್ ಕಡೆ ಹೊರಟಿತು. ಎಡಗೈಯಿಂದ ಅದರ ಮಣಿಕಟ್ಟು ಹಿಡಿದು ನಿಲ್ಲಿಸಿದೆ. ಎರಡನೇ ಸೆಕೆಂಡಿಗೆ ಬಲಗಾಲು ಕಿಕ್ಕರ್ ಹುಡುಕಿತು. ಅದೂ ಈ ಗಾಡಿಯಲ್ಲಿಲ್ಲ. ಕಾಲು ಒಂದಿಷ್ಟು ತಡಕಾಡಿ ನಾಚಿಕೊಂಡು ವಾಪಸಾಯಿತು. ಮೂರನೇ ಸೆಕೆಂಡು ಮುಗಿಯಲೇ ಇಲ್ಲ. ಸಾಲದ ಕಂತು, ಕೊಳೆರೋಗ ಬಂದ ಅಡಿಕೆ, ಮೊಬೈಲಿನಲ್ಲಿ ಮತ್ತೆ ಮಿನುಗುತ್ತಿದ್ದ ಭಾವ, ಎಲ್ಲ ಅದರೊಳಗೆ ಬಂದು ಹೋದವು. ನಲವತ್ತಾರು ವರ್ಷದಲ್ಲಿ ಯಾವುದನ್ನೂ ನಾನು ಮೂರು ಸೆಕೆಂಡ್ ಅದರ ಪಾಡಿಗೆ ಬಿಟ್ಟವನಲ್ಲ ಎಂದು ಹೊಳೆಯಿತು. ಸುಂಯ್ ನಿಂತಿತು. ಹೆಬ್ಬೆರಳಿನಿಂದ ಸೆಲ್ಫ್ ಒತ್ತಿದೆ. ಒಂದೇ ಸಲಕ್ಕೆ ಗಾಡಿ ಎದ್ದಿತು.

ಶಹಭಾಸ್‌ಗಿರಿಗೆಂದು ಜಗಲಿಯ ಕಡೆ ತಿರುಗಿದೆ. ಅಪ್ಪಯ್ಯ ನನ್ನನ್ನು ನೋಡುತ್ತಿರಲಿಲ್ಲ, ಎಂಜಿನ್ನಿನ ಸದ್ದಿಗೆ ಕಿವಿ ಕೊಟ್ಟಿದ್ದರು. ಕಂಬಳಿಯಂಚಿನಿಂದ ಹೊರಗಿದ್ದ ಅವರ ಎಡಗಾಲು, ಆರು ವರ್ಷದ ಹಿಂದೆಯೇ ಡಾಕ್ಟರು ಕಿಕ್ ಹೊಡೆಯಕೂಡದೆಂದ ಆ ಎಡಗಾಲು, ನೆಲವನ್ನೊಮ್ಮೆ ಗಟ್ಟಿಯಾಗಿ ಒತ್ತಿ ನಿಧಾನ ಮೇಲೆದ್ದಿತು.

"ಆಯ್ತಲ್ಲ," ಎಂದರು. "ಇನ್ನು ಚೋಕ್ ಬಿಡು."

ನಾನು ಎಡಗೈ ಚಾಚಿ, ಇಲ್ಲದ ಚೋಕನ್ನು ಬಿಟ್ಟೆ.